ಒಂದೇ ಪಕ್ಷದ ಹಿಡಿತವಿರುವ ಊರಲ್ಲಿ ಬೂತ್ ಏಜೆಂಟ್ ಕೆಲಸ: ಬೆಳಿಗ್ಗೆ ಐದೂವರೆಯಿಂದ ಮತಗಳ ಲೆಕ್ಕಪತ್ರ (ಫಾರಂ 17ಸಿ) ಕೈಗೆ ಬರುವವರೆಗೆ

ಕೇರಳದ ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಮಂಜೇಶ್ವರದಿಂದ ಕಲ್ಯಾಶ್ಶೇರಿವರೆಗೆ ಏಳು ವಿಧಾನಸಭಾ ಕ್ಷೇತ್ರಗಳಿವೆ. ಯಾವ ಊರಲ್ಲಿ ಯಾವ ಪಕ್ಷದ ಮಾತು ನಡೆಯುತ್ತದೆಂದು ಅಲ್ಲಿನ ಬಸ್ ತಂಗುದಾಣದ ಬಣ್ಣ ನೋಡಿದರೇ ತಿಳಿಯುತ್ತದೆ. ಕೆಲವು ಕಡೆ ಸಿಪಿಎಂ ನೇತೃತ್ವದ ಎಡರಂಗ, ಕೆಲವು ಕಡೆ ಕಾಂಗ್ರೆಸ್ ನೇತೃತ್ವದ ಐಕ್ಯರಂಗ, ಕೆಲವು ಕಡೆ ಬಿಜೆಪಿ. ಆಡಳಿತ ಪಕ್ಷ ಯಾವುದೇ ಇರಲಿ, ಅಂಥ ಊರಿನ ಬೂತಿನಲ್ಲಿ ಎದುರು ಪಕ್ಷದ ಏಜೆಂಟರ ಕುರ್ಚಿ ಖಾಲಿ ಬಿದ್ದಿರುವುದು ಸಾಮಾನ್ಯ. ‘ಹೇಗೂ ಗೆಲ್ಲುವುದಿಲ್ಲ, ಯಾಕೆ ಕೂರಬೇಕು’ ಎಂಬ ಲೆಕ್ಕಾಚಾರ ಅದರ ಹಿಂದೆ ಇರುತ್ತದೆ.

ಆ ಲೆಕ್ಕಾಚಾರ ತಪ್ಪು. 1989ರಿಂದ 2014ರವರೆಗಿನ ಎಂಟೂ ಲೋಕಸಭಾ ಚುನಾವಣೆಗಳಲ್ಲಿ ಕಾಸರಗೋಡು ಸಿಪಿಎಂ ಕೈಯಲ್ಲಿತ್ತು. 2014ರಲ್ಲಿ ಅಂತರ 6,921ಕ್ಕೆ ಇಳಿಯಿತು, 2019ರಲ್ಲಿ ಕಾಂಗ್ರೆಸ್ 40,438 ಮತಗಳಿಂದ ಗೆದ್ದಿತು. ವಿಧಾನಸಭೆಯ ಮಾತಿಗೆ ಬಂದರೆ, 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿರ್ಧಾರವಾದದ್ದು ಬರೇ 89 ಮತಗಳಲ್ಲಿ. ಎಂಬತ್ತೊಂಬತ್ತು ಎಂದರೆ ಒಂದು ಬೂತಿನಲ್ಲಿ ಒಂದು ಗಂಟೆ ಯಾರೂ ಗಮನಿಸದೆ ಹೋದ ಮತಗಳಷ್ಟೇ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಒಂದು ಬೂತಿನಲ್ಲಿ ನೂರಕ್ಕೆ ತೊಂಬತ್ತು ಮತ ಒಂದೇ ಪಕ್ಷಕ್ಕೆ ಬಿದ್ದರೆ ಅದು ಅಕ್ರಮ ಎಂದರ್ಥವಲ್ಲ. ಜನ ಮನಸ್ಸಿಟ್ಟು ಹಾಕಿರಬಹುದು. ಹಾಗೆ ಹಾಕಿದ್ದು ಹೌದೋ ಅಲ್ಲವೋ ಎಂದು ಸೋತವರಿಗೂ ಗೆದ್ದವರಿಗೂ ಖಚಿತವಾಗಿ ತಿಳಿಯಬೇಕಾದರೆ ಕುರ್ಚಿಯಲ್ಲಿ ಒಬ್ಬರು ಕಣ್ಣುಬಿಟ್ಟು ಕೂತಿರಬೇಕು. ಗೆಲ್ಲುವ ಪಕ್ಷದ ಏಜೆಂಟರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಯಾರನ್ನು ಕೂರಿಸುವುದು, ಕಾಗದ ಏನು

ನೇಮಕವಾಗುವುದು ಫಾರಂ 10ರಲ್ಲಿ. ಅದಕ್ಕೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಸಹಿ ಬೇಕು. ಮಂಡಲ ಅಧ್ಯಕ್ಷರದ್ದೋ ಬ್ರಾಂಚ್ ಕಾರ್ಯದರ್ಶಿಯದ್ದೋ ಸಹಿ ನಡೆಯುವುದಿಲ್ಲ. ಬೂತಿನ ಮುಖ್ಯಾಧಿಕಾರಿಯಾದ ಪ್ರಿಸೈಡಿಂಗ್ ಆಫೀಸರ ಕೈಯಲ್ಲಿ ಅಭ್ಯರ್ಥಿಯ ಮಾದರಿ ಸಹಿ ಇರುತ್ತದೆ, ತಾಳೆ ನೋಡುತ್ತಾರೆ. ಜೆರಾಕ್ಸ್ ಸಹಿ ಹಿಡಿದು ಬಂದವರು ಬೆಳ್ಳಂಬೆಳಿಗ್ಗೆ ಗೇಟಿನಿಂದ ವಾಪಸಾಗುವುದು ಪ್ರತಿ ಚುನಾವಣೆಯ ಕತೆ. ಫಾರಂನ ಕೆಳಭಾಗದಲ್ಲಿ ಮತದ ಗುಟ್ಟು ಕಾಪಾಡುವ ಘೋಷಣೆ ಇದೆ. ಅದಕ್ಕೆ ಮನೆಯಲ್ಲೇ ಸಹಿ ಹಾಕಿಕೊಂಡು ಬರಬೇಡಿ, ಪ್ರಿಸೈಡಿಂಗ್ ಆಫೀಸರ ಎದುರಿನಲ್ಲೇ ಹಾಕಬೇಕು.

ಒಂದು ಬೂತಿಗೆ ಒಬ್ಬ ಏಜೆಂಟ್, ಇಬ್ಬರು ಬದಲಿ. ಒಳಗೆ ಒಮ್ಮೆಗೆ ಒಬ್ಬರೇ. ಏಜೆಂಟ್ ಅದೇ ಬೂತಿನ ಮತದಾರರಾಗಿರಬೇಕು. ಅಲ್ಲಿ ಯಾರೂ ಸಿಗದಿದ್ದರೆ ಅದೇ ವಿಧಾನಸಭಾ ಕ್ಷೇತ್ರದ ಬೇರೆ ಬೂತಿನವರನ್ನು ಹಾಕಬಹುದು. ಒಂದೇ ಪಕ್ಷದ ಊರಿನಲ್ಲಿ ಈ ಅವಕಾಶವೇ ದೊಡ್ಡ ಆಸರೆ. ಆದರೂ ಮೊದಲ ಆಯ್ಕೆ ಊರಿನವರೇ ಆಗಲಿ: ಮುಖಪರಿಚಯ ಇಲ್ಲದ ಏಜೆಂಟ್ ಹನ್ನೊಂದು ಗಂಟೆ ಕೂತರೂ ಯಾರು ಯಾರೆಂದು ಹೇಳಲಾರರು. ಸರಕಾರಿ ನೌಕರರನ್ನು ಕೂರಿಸುವುದು ಅಪರಾಧ, ಮೂರು ತಿಂಗಳವರೆಗೆ ಸಜೆಯಾಗಬಹುದು. ಸಾಧ್ಯವಾದರೆ ಬದಲಿ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಮುಖಪರದೆ ಹಾಕಿದ ಮತದಾರರ ಗುರುತನ್ನು ಮಹಿಳಾ ಸಿಬ್ಬಂದಿ ಮರೆಯಲ್ಲಿ ನೋಡಿ ಖಚಿತಪಡಿಸುತ್ತಾರೆ. ಪರದೆ ಸರಿಸಿ ಎಂದು ಕೇಳುವ ಹಕ್ಕು ಏಜೆಂಟರಿಗಿಲ್ಲ, ಕೇಳಿದರೆ ಜಗಳಕ್ಕೆ ಅದೇ ಸಾಕು.

ಚೀಲದಲ್ಲಿ ಇರಬೇಕಾದವು: ಫಾರಂ 10, ಮತದಾರ ಗುರುತು ಚೀಟಿ, ಬೂತಿನ ಮತದಾರ ಪಟ್ಟಿ, ಎರಡು ಪೆನ್ನು, ಒಂದು ನೋಟ್‌ಬುಕ್, ಎರಡು ರೂಪಾಯಿಯ ಹತ್ತು ನಾಣ್ಯ (ಇದರ ಉಪಯೋಗ ಮುಂದೆ ಬರುತ್ತದೆ), ನೀರು, ಬುತ್ತಿ. ಮೊಬೈಲ್ ಬೇಡ. ಚಿಹ್ನೆಯೋ ನಾಯಕರ ಚಿತ್ರವೋ ಇರುವ ಶಾಲು, ಟೋಪಿ, ಅಂಗಿ ಬೇಡ.

ಪಟ್ಟಿಯ ಕೆಲಸ ಹಿಂದಿನ ವಾರವೇ ಮುಗಿಯಬೇಕು

ಬೂತಿನಲ್ಲಿ ಕೂತು ಪಟ್ಟಿ ಓದಲು ಶುರುಮಾಡಿದವರಿಂದ ಪ್ರಯೋಜನವಿಲ್ಲ. ಈಗ ಒಂದು ಬೂತಿಗೆ ಗರಿಷ್ಠ 1,200 ಮತದಾರರು. ಇಬ್ಬರು ಸೇರಿ ಮನೆಮನೆ ಲೆಕ್ಕದಲ್ಲಿ ಕೂತರೆ ಎರಡು ಸಂಜೆಗಳ ಕೆಲಸ. ಪ್ರತಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ: ತೀರಿಕೊಂಡವರಿಗೆ ಒಂದು, ಗಲ್ಫಿನಲ್ಲಿರುವವರಿಗೆ ಒಂದು, ಮದುವೆಯಾಗಿ ಬೇರೆ ಊರಿಗೆ ಹೋದವರಿಗೆ ಒಂದು, ಹಾಸಿಗೆ ಹಿಡಿದವರಿಗೆ ಒಂದು. ಕಳ್ಳಮತ ಬೀಳುವುದು ಈ ಹೆಸರುಗಳಲ್ಲೇ. ಊರಲ್ಲಿ ಇರುವವರ ಮತ ಬೇರೆಯವರು ಹಾಕಿದರೆ ಅವರು ಬಂದು ಕೇಳುತ್ತಾರೆ, ದುಬಾಯಿಯಲ್ಲಿ ಇರುವವರು ಕೇಳಲು ಬರುವುದಿಲ್ಲ.

ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ತಯಾರಿಸುವ ಗೈರು, ಸ್ಥಳಾಂತರ, ಮರಣದ ಪಟ್ಟಿಯನ್ನು ‘ಎಎಸ್‌ಡಿ ಪಟ್ಟಿ’ ಎನ್ನುತ್ತಾರೆ. ಅದರ ಪ್ರತಿ ಪ್ರಿಸೈಡಿಂಗ್ ಆಫೀಸರ ಬಳಿ ಇರುತ್ತದೆ. ಆ ಪಟ್ಟಿಯಲ್ಲಿರುವವರು ಬಂದರೆ ಮತ ಹಾಕಬಾರದೆಂದಿಲ್ಲ, ಗುರುತಿನ ತಪಾಸಣೆ ಬಿಗಿಯಾಗುತ್ತದೆ, ಸಹಿಯ ಜೊತೆ ಹೆಬ್ಬೆಟ್ಟೂ ತೆಗೆದುಕೊಳ್ಳುತ್ತಾರೆ. ನಿಮ್ಮ ಪೆನ್ಸಿಲ್ ಗುರುತು ಮತ್ತು ಬಿಎಲ್‌ಒ ಪಟ್ಟಿ ಒಂದಕ್ಕೊಂದು ತಾಳೆಯಾಗದ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನೀವು ಆ ದಿನ ಹೆಚ್ಚು ಗಮನ ಕೊಡಬೇಕಾದ್ದು ಆ ಹಾಳೆಗೆ. ಫಾರಂ 6ಎ ಮೂಲಕ ಅನಿವಾಸಿ ಮತದಾರರಾಗಿ ಸೇರಿದವರು ಖುದ್ದು ಬಂದು ಮೂಲ ಪಾಸ್‌ಪೋರ್ಟ್ ತೋರಿಸಿಯೇ ಮತ ಹಾಕಬೇಕು, ಅವರಿಗೆ ಬೇರೆ ದಾಖಲೆ ಸಾಲದು.

ಕರ್ನಾಟಕ ಗಡಿಯ ತಲಪಾಡಿ, ವರ್ಕಾಡಿ, ಪೈವಳಿಕೆ, ಎಣ್ಮಕಜೆ ಕಡೆ ಇನ್ನೊಂದು ತೊಡಕಿದೆ. ಮನೆ ಈಚೆ, ಕೆಲಸ ಮಂಗಳೂರಿನಲ್ಲಿ, ಹೆಸರು ಎರಡೂ ಕಡೆಯ ಪಟ್ಟಿಯಲ್ಲಿ. 2024ರಲ್ಲಿ ಕಾಸರಗೋಡಿಗೂ ದಕ್ಷಿಣ ಕನ್ನಡಕ್ಕೂ ಏಪ್ರಿಲ್ 26ರಂದೇ ಮತದಾನ ನಡೆದದ್ದರಿಂದ ಎಡಗೈ ತೋರುಬೆರಳಿನ ಶಾಯಿ ನೋಡುವುದಷ್ಟೇ ಕೆಲಸವಾಯಿತು. ಬೇರೆ ಬೇರೆ ದಿನ ಬಂದರೆ ಹಳೆಯ ಶಾಯಿ ಮಾಸುತ್ತಾ ಬಂದಿರುತ್ತದೆ, ಉಗುರಿನ ಬುಡ ನೋಡಿ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದೇ 1950ರ ಜನಪ್ರಾತಿನಿಧ್ಯ ಕಾಯಿದೆಗೆ ವಿರುದ್ಧ. ಸಕಾಲದಲ್ಲಿ ಫಾರಂ 7 ಕೊಟ್ಟು ತೆಗೆಸುವುದು ಮತದಾನದ ದಿನ ಬೊಬ್ಬೆ ಹಾಕುವುದಕ್ಕಿಂತ ಎಷ್ಟೋ ಮೇಲು.

ಹೆಸರಿನ ಕಾಗುಣಿತದ ಬಗ್ಗೆ: ಮಲಯಾಳಂ ಪಟ್ಟಿಯಲ್ಲಿ ಐತಪ್ಪ, ಬಟ್ಯ, ಕೊರಗಪ್ಪ ಮುಂತಾದ ಹೆಸರುಗಳು ಹೇಗೆ ಹೇಗೋ ಅಚ್ಚಾಗಿರುತ್ತವೆ. ಗುರುತು ಖಚಿತವಾದರೆ ಸಣ್ಣಪುಟ್ಟ ಅಕ್ಷರ ತಪ್ಪಿಗಾಗಿ ಮತ ನಿರಾಕರಿಸುವಂತಿಲ್ಲ. ಸಿಬ್ಬಂದಿ ಹೊರಗಿನವರಾಗಿದ್ದು ಅಜ್ಜಿಗೆ ತುಳುವೋ ಕನ್ನಡವೋ ಮಾತ್ರ ಬರುವುದಾದರೆ, ಕ್ರಮಸಂಖ್ಯೆ ಮೊದಲು ಹೇಳುವಂತೆ ಹಿಂದಿನ ದಿನವೇ ಮನೆಗಳಲ್ಲಿ ತಿಳಿಸಿಡಿ. ಬೂತಿನಲ್ಲಿ ಹೆಚ್ಚಿನ ಗೊಂದಲ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಗುರುತಿಗೆ ರೇಶನ್ ಕಾರ್ಡ್ ನಡೆಯದು, ಬಿಎಲ್‌ಒ ಕೊಟ್ಟ ಸ್ಲಿಪ್ ಒಂದೇ ಇದ್ದರೂ ನಡೆಯದು. ಮತದಾರ ಚೀಟಿ ಇಲ್ಲದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಉದ್ಯೋಗ ಖಾತರಿ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ ಮುಂತಾದ 12 ದಾಖಲೆಗಳಲ್ಲಿ ಒಂದು ಬೇಕು.

ಐದೂವರೆಯ ಪರೀಕ್ಷಾ ಮತದಾನ

ಏಳಕ್ಕೆ ಮತದಾನವಾದರೆ ಐದೂವರೆಗೆ ಮಾಕ್ ಪೋಲ್. ಏಜೆಂಟರು ಬರಲಿಲ್ಲವೆಂದರೆ ಹದಿನೈದು ನಿಮಿಷ ಕಾಯುತ್ತಾರೆ, ಆಮೇಲೆ ನೀವಿಲ್ಲದೆಯೇ ಮುಗಿಸುತ್ತಾರೆ. ‘ಏಳಕ್ಕೆ ಬಂದರಾಯಿತು’ ಎನ್ನುವವರು ಇಡೀ ದಿನದ ಅತಿ ಮುಖ್ಯ ಕೆಲಸವನ್ನು ಬಿಟ್ಟಂತೆ.

ಮೊದಲು ಕಂಟ್ರೋಲ್ ಯೂನಿಟ್ (ಸಿಬ್ಬಂದಿಯ ಬಳಿ ಇರುವ, ಮತ ದಾಖಲಾಗುವ ಭಾಗ), ಬ್ಯಾಲೆಟ್ ಯೂನಿಟ್ (ಮತದಾರರು ಗುಂಡಿ ಒತ್ತುವ ಭಾಗ), ವಿವಿಪ್ಯಾಟ್ (ಹಾಕಿದ ಮತವನ್ನು ಸ್ಲಿಪ್ಪಿನಲ್ಲಿ ಅಚ್ಚು ಮಾಡುವ ಯಂತ್ರ) ಮೂರರ ಮೇಲಿನ ನಂಬರುಗಳನ್ನು ಬರೆದುಕೊಳ್ಳಿ. ಕಂಟ್ರೋಲ್ ಯೂನಿಟ್ ಸೊನ್ನೆ ತೋರಿಸುವುದನ್ನೂ ವಿವಿಪ್ಯಾಟ್ ಡಬ್ಬಿ ಖಾಲಿ ಇರುವುದನ್ನೂ ಕಣ್ಣಾರೆ ನೋಡಿ. ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಪ್ರತಿ ಗುಂಡಿಗೂ ಒಂದಾದರೂ ಬೀಳಬೇಕು. ಯಾರು ಯಾವ ಗುಂಡಿ ಒತ್ತಿದರೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾ ಹೋಗಿ. ಆಮೇಲೆ ಕ್ಲೋಸ್, ರಿಸಲ್ಟ್ ಒತ್ತಿ ಯಂತ್ರದ ಲೆಕ್ಕ ನೋಡುತ್ತಾರೆ. ವಿವಿಪ್ಯಾಟ್ ಸ್ಲಿಪ್‌ಗಳನ್ನು ಮೇಜಿನ ಮೇಲೆ ಅಭ್ಯರ್ಥಿವಾರು ಗುಡ್ಡೆ ಹಾಕಿ ಎಣಿಸುತ್ತಾರೆ. ನಿಮ್ಮ ಗೆರೆ, ಯಂತ್ರ, ಸ್ಲಿಪ್ ಮೂರೂ ಒಂದೇ ಆಗಿರಬೇಕು. 2024ರ ಏಪ್ರಿಲ್‌ನಲ್ಲಿ ಕಾಸರಗೋಡಿನಲ್ಲಿ ಯಂತ್ರ ಸಜ್ಜುಗೊಳಿಸುವಾಗ ಒಂದು ಪಕ್ಷಕ್ಕೆ ಹೆಚ್ಚುವರಿ ಸ್ಲಿಪ್ ಬಂತೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ವರದಿ ಸುಳ್ಳು ಎಂದು ಚುನಾವಣಾ ಆಯೋಗ ಕೋರ್ಟಿಗೆ ಹೇಳಿತು. ಇಂಥ ವಿವಾದ ನಿಮ್ಮ ಬೂತಿನಲ್ಲಿ ಹುಟ್ಟಬಾರದೆಂದರೆ ಸ್ಲಿಪ್‌ಗಳನ್ನು ಒಟ್ಟಿಗೆ ತೂಗಿಸಿ ಬಿಡದೆ ಒಂದೊಂದಾಗಿ ಎಣಿಸುವಂತೆ ಕೇಳಿ.

ನಂತರದ್ದು ಕ್ಲಿಯರ್ ಗುಂಡಿ. ಇದನ್ನು ಒತ್ತಲು ಮರೆತರೆ ಪರೀಕ್ಷೆಯ 50 ಮತ ಅಸಲಿ ಮತಗಳ ಜೊತೆ ಸೇರಿ ಸಂಜೆ ಲೆಕ್ಕ ತಪ್ಪುತ್ತದೆ. ತಲೆಬಿಸಿಯಲ್ಲಿರುವ ಸಿಬ್ಬಂದಿ ಮರೆಯುವುದುಂಟು, ನೆನಪಿಸುವುದು ನಿಮ್ಮ ಕೆಲಸ. ಪರದೆಯಲ್ಲಿ ಒಟ್ಟು ಸೊನ್ನೆ ಬಂದದ್ದನ್ನು ನೋಡಿಯೇ ಪ್ರಮಾಣಪತ್ರಕ್ಕೆ ಸಹಿ ಹಾಕಿ. ಪರೀಕ್ಷೆಯ ಸ್ಲಿಪ್‌ಗಳ ಹಿಂದೆ ಮಾಕ್ ಪೋಲ್ ಮೊಹರು ಒತ್ತಿ, ಕಪ್ಪು ಲಕೋಟೆಯಲ್ಲಿ ಹಾಕಿ, ಲಕೋಟೆಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಗುಲಾಬಿ ಪೇಪರ್ ಸೀಲ್ ಹಚ್ಚುತ್ತಾರೆ. ಕಂಟ್ರೋಲ್ ಯೂನಿಟ್‌ಗೆ ಹಚ್ಚುವುದು ಹಸಿರು ಪೇಪರ್ ಸೀಲ್. ಅದರ ಬಿಳಿ ಬದಿಯಲ್ಲಿ ಸಹಿ ಹಾಕಿ, ಅಚ್ಚಾಗಿರುವ ನಂಬರನ್ನು ಅಂಕಿ ಅಂಕಿಯಾಗಿ ಬರೆದುಕೊಳ್ಳಿ. ಎಣಿಕೆ ದಿನ ಈ ನಂಬರ್ ಇಲ್ಲದ ಏಜೆಂಟ್ ಮೇಜಿನ ಮುಂದೆ ಸುಮ್ಮನೆ ನಿಲ್ಲಬೇಕಾಗುತ್ತದೆ.

ಮಧ್ಯೆ ಯಂತ್ರ ಕೆಟ್ಟರೆ: ವಿವಿಪ್ಯಾಟ್ ಒಂದೇ ಕೆಟ್ಟರೆ ಅದೊಂದನ್ನೇ ಬದಲಿಸುತ್ತಾರೆ. ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಇಡೀ ಸೆಟ್ ಬದಲಾಗಿ, ಪ್ರತಿ ಗುಂಡಿಗೆ ಒಂದೊಂದರಂತೆ ಮತ್ತೆ ಮಾಕ್ ಪೋಲ್ ಆಗಬೇಕು. ಆಗ ನಿಮ್ಮ ಬೂತಿಗೆ ಎರಡು ಕಂಟ್ರೋಲ್ ಯೂನಿಟ್, ಎರಡು ಸೀಲ್ ನಂಬರ್. ಬದಲಾದ ಸಮಯವನ್ನೂ ಬರೆಯಿರಿ. ಕಿಟಕಿಯ ಬಿಸಿಲು ಅಥವಾ ಬಲ್ಬಿನ ಬೆಳಕು ನೇರ ವಿವಿಪ್ಯಾಟ್ ಮೇಲೆ ಬಿದ್ದರೂ ದೋಷ ತೋರಿಸುತ್ತದೆ. ಶಾಲೆಯ ಕೋಣೆಯಲ್ಲಿ ಮೇಜು ಎಲ್ಲಿಟ್ಟಿದ್ದಾರೆಂದು ಬೆಳಿಗ್ಗೆಯೇ ನೋಡಿ ಹೇಳಿ.

ಮತದಾನದ ಹೊತ್ತು: ಬಾಯಿಗಿಂತ ಪೆನ್ನು

ಮೊದಲ ಪೋಲಿಂಗ್ ಆಫೀಸರ್ ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದಬೇಕು. ಓದದೆ ಗೊಣಗಿದರೆ ಮೊದಲ ಐದು ಮತದಾರರೊಳಗೇ ವಿನಯದಿಂದ ಕೇಳಿಕೊಳ್ಳಿ, ಮಧ್ಯಾಹ್ನ ಕೇಳಿದರೆ ಅಭ್ಯಾಸ ಬದಲಾಗುವುದಿಲ್ಲ. ಓದಿದ ಪ್ರತಿ ಸಂಖ್ಯೆಗೂ ನಿಮ್ಮ ಪಟ್ಟಿಯಲ್ಲಿ ಗುರುತು ಹಾಕಿ. ಆ ಪಟ್ಟಿಯನ್ನು ಮತದಾನ ನಡೆಯುವಾಗ ಹೊರಗೆ ಒಯ್ಯುವಂತಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂದು ಚೀಟಿಯಲ್ಲಿ ಬರೆದು ಹೊರಗಿನವರಿಗೆ ಕಳಿಸುವುದೂ ನಿಯಮ ಬಾಹಿರ. ಪ್ರಬಲ ಪಕ್ಷದವರು ಹಾಗೆ ಮಾಡುವುದು ಕಂಡರೆ ಲಿಖಿತವಾಗಿ ಕೊಡಿ.

ಪಟ್ಟಿಯಲ್ಲಿರುವ ವ್ಯಕ್ತಿ ಇವರಲ್ಲ ಎಂದು ನಿಮಗೆ ಖಾತ್ರಿಯಾದರೆ ಆಕ್ಷೇಪಿಸಿ. ಶುಲ್ಕ ಎರಡು ರೂಪಾಯಿ ನಗದು, ರಶೀದಿ ಪಡೆಯಿರಿ. ಶಾಯಿ ಹಚ್ಚುವ ಮೊದಲೇ ಹೇಳಬೇಕು. ಪ್ರಿಸೈಡಿಂಗ್ ಆಫೀಸರ್ ಅಲ್ಲೇ ವಿಚಾರಣೆ ಮಾಡುತ್ತಾರೆ, ಮೊದಲು ಸಾಕ್ಷ್ಯ ಕೊಡಬೇಕಾದವರು ನೀವು. ಆಕ್ಷೇಪ ನಿಜವಾದರೆ ಆ ವ್ಯಕ್ತಿಯನ್ನು ಪೊಲೀಸರಿಗೆ ಒಪ್ಪಿಸಿ ನಿಮ್ಮ ಹಣ ವಾಪಸ್ ಕೊಡುತ್ತಾರೆ, ಎಲ್ಲವೂ ಫಾರಂ 14ರಲ್ಲಿ ದಾಖಲಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ: ಆಕ್ಷೇಪ ಗುರುತಿನ ಬಗ್ಗೆ ಮಾತ್ರ. ‘ಅವರು ಈಗ ಮಂಗಳೂರಿನಲ್ಲಿದ್ದಾರೆ’, ‘ಅವರಿಗೆ ಹದಿನೆಂಟು ಆಗಿಲ್ಲ’ ಎಂಬುದು ಈ ಆಕ್ಷೇಪಕ್ಕೆ ಕಾರಣವಾಗುವುದಿಲ್ಲ. ಹೆಸರು ಪಟ್ಟಿಯಲ್ಲಿದ್ದು ವ್ಯಕ್ತಿ ಅವರೇ ಆಗಿದ್ದರೆ ಮತ ಹಾಕುತ್ತಾರೆ. ಸುಮ್ಮನೆ ಹತ್ತು ಜನರನ್ನು ತಡೆದರೆ ಹನ್ನೊಂದನೆಯ ನಿಜವಾದ ಆಕ್ಷೇಪಕ್ಕೆ ಬೆಲೆ ಸಿಗದು.

ಒಬ್ಬರ ಮತ ಆಗಲೇ ಬಿದ್ದಿದೆ, ಅಸಲಿ ಮತದಾರರು ಈಗ ಬಂದಿದ್ದಾರೆ ಎಂದಾದರೆ ಅವರನ್ನು ಮನೆಗೆ ಹೋಗಲು ಬಿಡಬೇಡಿ. ಗುರುತು ಸಾಬೀತಾದರೆ ಅವರಿಗೆ ಟೆಂಡರ್ ಮತದ ಹಕ್ಕಿದೆ: ಯಂತ್ರವಲ್ಲ, ಕಾಗದದ ಮತಪತ್ರ, ಫಾರಂ 17ಬಿಯಲ್ಲಿ ಸಹಿ. ಆ ಮತವನ್ನು ಎಣಿಕೆಯಲ್ಲಿ ಸೇರಿಸುವುದಿಲ್ಲ, ಕೋರ್ಟ್ ಹೇಳಿದರೆ ಮಾತ್ರ ತೆರೆಯುತ್ತಾರೆ. ಹಾಗಿದ್ದರೂ ಅದೇ ಕಳ್ಳಮತ ನಡೆದದ್ದಕ್ಕೆ ಸರಕಾರಿ ದಾಖಲೆ. ಮಂಜೇಶ್ವರದ 89 ಮತಗಳ ಗೆಲುವಿನ ಮೇಲಿನ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಎಷ್ಟೋ ಸಾಕ್ಷಿಗಳನ್ನು ಕರೆಸಬೇಕಾದ ಸ್ಥಿತಿಗೆ ಬಂದು, ಕೊನೆಗೆ 2019ರಲ್ಲಿ ಹಿಂತೆಗೆದುಕೊಂಡದ್ದು ನೆನಪಿರಲಿ. ಆಮೇಲೆ ಸಾಕ್ಷಿ ಹುಡುಕುವುದಕ್ಕಿಂತ ಅಂದೇ ಒಂದು ಫಾರಂ ತುಂಬಿಸುವುದು ಸುಲಭ.

ಓಪನ್ ವೋಟು (ಸಹಾಯಕರ ಮೂಲಕ ಹಾಕುವ ಮತ) ನಮ್ಮ ಜಿಲ್ಲೆಯಲ್ಲಿ ಹೆಚ್ಚು ದುರುಪಯೋಗವಾಗುವ ಸವಲತ್ತು. ಕಣ್ಣು ಕಾಣದವರು, ಅಂಗಬಲ ಇಲ್ಲದೆ ಗುಂಡಿ ಒತ್ತಲಾಗದವರು 18 ತುಂಬಿದ ಸಹಾಯಕರೊಬ್ಬರನ್ನು ಒಳಗೆ ಕರೆದೊಯ್ಯಬಹುದು. ಅಕ್ಷರ ಬಾರದಿರುವುದು, ಭಯ, ವಯಸ್ಸು ಇವು ಕಾರಣಗಳಲ್ಲ. ಒಬ್ಬ ಸಹಾಯಕ ಆ ದಿನ ಒಬ್ಬರಿಗೇ ಸಹಾಯ ಮಾಡಬಹುದು, ಬೇರೆ ಯಾರಿಗೂ ಸಹಾಯಕನಾಗಿಲ್ಲವೆಂದು ಘೋಷಣೆ ಕೊಡಬೇಕು, ಬಲಗೈ ತೋರುಬೆರಳಿಗೆ ಶಾಯಿ ಹಾಕಿಸಿಕೊಳ್ಳಬೇಕು, ವಿವರ ಫಾರಂ 14ಎಯಲ್ಲಿ ಬರಬೇಕು. ಪಕ್ಷದ ಹುಡುಗನೊಬ್ಬ ಬೆಳಿಗ್ಗೆಯಿಂದ ಅಜ್ಜ ಅಜ್ಜಿಯರನ್ನು ಒಬ್ಬೊಬ್ಬರಾಗಿ ಕೈಹಿಡಿದು ತರುತ್ತಿದ್ದರೆ ಎರಡನೆಯವರ ಹೊತ್ತಿಗೇ ಅವನ ಬಲಗೈ ನೋಡಿ ಎಂದು ಪ್ರಿಸೈಡಿಂಗ್ ಆಫೀಸರಿಗೆ ಹೇಳಿ. ಅಜ್ಜಿಯ ಮೇಲೆ ರೇಗಬೇಡಿ, ಅವರಿಗೆ ನಿಜವಾಗಿಯೂ ಸಹಾಯ ಬೇಕಿರಬಹುದು. 2019ರ ಲೋಕಸಭಾ ಚುನಾವಣೆಯಲ್ಲಿ ಕಳ್ಳಮತದ ದೃಶ್ಯಗಳು ಮತಗಟ್ಟೆಯ ವೆಬ್‌ಕಾಸ್ಟಿಂಗ್‌ನಲ್ಲಿ ಸಿಕ್ಕಿದಾಗ ಓಪನ್ ವೋಟು ಎಂಬ ಸಮಜಾಯಿಷಿಯೂ ಬಂದಿತ್ತು. ಕಾಸರಗೋಡು, ಕಣ್ಣೂರು ಲೋಕಸಭಾ ಕ್ಷೇತ್ರಗಳ ಏಳು ಬೂತುಗಳಲ್ಲಿ ಆ ಮೇ 19ರಂದು ಮರುಮತದಾನ ನಡೆಯಿತು.

85 ದಾಟಿದವರ, ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರ ಮನೆ ಮತ ಇದಕ್ಕಿಂತ ಮೊದಲೇ ನಡೆಯುತ್ತದೆ. ತಂಡ ಬರುವ ದಿನ ಅಭ್ಯರ್ಥಿಗಳಿಗೆ ತಿಳಿಸುತ್ತಾರೆ, ಜೊತೆಗೆ ಹೋಗಿ. 2024ರಲ್ಲಿ ಕಲ್ಯಾಶ್ಶೇರಿಯಲ್ಲಿ 92 ವರ್ಷದ ಮಹಿಳೆಯ ಮನೆ ಮತಕ್ಕೆ ಹೊರಗಿನವರು ಕೈಹಾಕಿದ ದೃಶ್ಯ ಬಯಲಾಗಿ ಸಿಬ್ಬಂದಿ ಅಮಾನತಾಗಿದ್ದರು.

ಸ್ಲಿಪ್ ಕಾಣುವುದು ಏಳು ಸೆಕೆಂಡು ಮಾತ್ರ. ಒತ್ತಿದ್ದು ಒಂದು, ಸ್ಲಿಪ್ಪಿನಲ್ಲಿ ಬಂದದ್ದು ಇನ್ನೊಂದು ಎಂದು ಮತದಾರರು ಹೇಳುವುದುಂಟು. ಅವರು ಲಿಖಿತ ಘೋಷಣೆ ಕೊಟ್ಟರೆ ನಿಯಮ 49ಎಂಎ ಪ್ರಕಾರ ಏಜೆಂಟರ ಎದುರಲ್ಲೇ ಪರೀಕ್ಷಾ ಮತ ಹಾಕಿಸುತ್ತಾರೆ. ಹೇಳಿದ್ದು ಸುಳ್ಳಾದರೆ ಕೇಸಾಗುತ್ತದೆ. ಇದನ್ನು ಮೊದಲೇ ತಿಳಿಸಿ, ನಿಮ್ಮ ಕಡೆಯವರನ್ನು ಸುಮ್ಮನೆ ಹುರಿದುಂಬಿಸಬೇಡಿ.

ದೂರು ಯಾವಾಗಲೂ ಎರಡು ಪ್ರತಿಯಲ್ಲಿರಲಿ: ಸಮಯ, ಕ್ರಮಸಂಖ್ಯೆ, ನಡೆದದ್ದು, ನಿಮ್ಮ ಸಹಿ. ಒಂದರ ಮೇಲೆ ಸ್ವೀಕೃತಿ ಪಡೆಯಿರಿ. ಕನ್ನಡದಲ್ಲಿ ಬರೆದು, ಓದುವವರಿಗೆ ಅರ್ಥವಾಗಲೆಂದು ಕೆಳಗೆ ಎರಡು ಸಾಲು ಮಲಯಾಳಂ ಅಥವಾ ಇಂಗ್ಲಿಷಿನಲ್ಲಿ ಸೇರಿಸಿ. ಪ್ರಿಸೈಡಿಂಗ್ ಆಫೀಸರ್ ತೆಗೆದುಕೊಳ್ಳದಿದ್ದರೆ, ಹಲವು ಬೂತುಗಳ ಮೇಲ್ವಿಚಾರಣೆ ನೋಡುವ ಸೆಕ್ಟರ್ ಆಫೀಸರ್ ಬಂದಾಗ ಕೊಡಿ. ಹೊರಗಿನ ಅಕ್ರಮಕ್ಕೆ ಹೊರಗಿರುವವರು ಚುನಾವಣಾ ಆಯೋಗದ ಸಿವಿಜಿಲ್ ಆ್ಯಪಿನಲ್ಲಿ ಚಿತ್ರ ಹಾಕಲಿ.

ಸಂಜೆ ಆರು, ಮತ್ತು 17ಸಿ

ಕೊನೆಯ ಎರಡು ಗಂಟೆ ಕುರ್ಚಿ ಬಿಡಬೇಡಿ. ಊಟ, ದಣಿವು, ‘ಇನ್ನು ಯಾರೂ ಬರಲಿಕ್ಕಿಲ್ಲ’ ಎಂಬ ಭಾವನೆ ಎಲ್ಲ ಸೇರಿ ಏಜೆಂಟರು ಎದ್ದು ಹೋಗುವುದು ಆಗಲೇ. ಬಾರದವರ ಹೆಸರುಗಳು ಎಲ್ಲರ ಕಣ್ಣಿಗೂ ಸ್ಪಷ್ಟವಾಗುವುದೂ ಆಗಲೇ. ಆರಕ್ಕೆ ಸಾಲಿನಲ್ಲಿ ಇರುವವರಿಗೆಲ್ಲ ಸಹಿ ಹಾಕಿದ ಚೀಟಿ ಕೊಡುತ್ತಾರೆ. ಕೊನೆಯಲ್ಲಿ ನಿಂತವರಿಗೆ ಒಂದನೇ ನಂಬರ್, ಅಲ್ಲಿಂದ ಮುಂದಕ್ಕೆ. ಹಿಂದೆ ಮತ್ತೊಬ್ಬರು ಸೇರದಂತೆ ಇರುವ ಉಪಾಯವಿದು.

ಮುಗಿದ ಮೇಲೆ ಕ್ಲೋಸ್ ಒತ್ತುತ್ತಾರೆ, ಒಟ್ಟು ಸಂಖ್ಯೆ ಕಾಣುತ್ತದೆ. ಒತ್ತಿದ ಸಮಯ ಬರೆದುಕೊಳ್ಳಿ. ಈಗ ಫಾರಂ 17ಸಿ ಭಾಗ 1. ಲೆಕ್ಕ ಸರಳ: ಮತದಾರರು ಸಹಿ ಹಾಕುವ 17ಎ ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆ 842, ಸಹಿ ಹಾಕಿಯೂ ಮತ ಬೇಡವೆಂದವರು 1, ಗುಟ್ಟು ಕಾಪಾಡದ್ದಕ್ಕೆ ಮತ ನಿರಾಕರಿಸಲ್ಪಟ್ಟವರು 1 ಎಂದಿಟ್ಟುಕೊಳ್ಳಿ, ಯಂತ್ರ 840 ತೋರಿಸಬೇಕು. 890 ತೋರಿಸಿದರೆ ಬೆಳಗಿನ ಮಾಕ್ ಪೋಲ್ ಅಳಿಸಿಲ್ಲ. 839 ಆದರೆ ಯಾರೋ ಸಹಿ ಹಾಕಿ ಗುಂಡಿ ಒತ್ತದೆ ಹೋಗಿದ್ದಾರೆ. ವ್ಯತ್ಯಾಸ ಏನೇ ಇರಲಿ, ಅದು ಫಾರಂನಲ್ಲೇ ದಾಖಲಾಗಬೇಕು, ‘ಆಮೇಲೆ ಸರಿಮಾಡೋಣ’ ಎಂಬುದಕ್ಕೆ ಒಪ್ಪಬೇಡಿ. ಟೆಂಡರ್ ಮತಗಳ ಸಂಖ್ಯೆಯೂ ಪೇಪರ್ ಸೀಲಿನ ನಂಬರೂ ಅದರಲ್ಲೇ ಇರುತ್ತವೆ.

ದೃಢೀಕರಿಸಿದ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಡಬೇಕೆಂದು ನಿಯಮ 49ಎಸ್ ಹೇಳುತ್ತದೆ. ಕೇಳಿ ಪಡೆಯುವ ಸ್ಥಿತಿ ಬಂದರೂ ಪಡೆಯಿರಿ. ಖಾಲಿ ಫಾರಂಗೆ ಸಹಿ ಹಾಕಬೇಡಿ, ಹೊತ್ತಾಯಿತೆಂದು ಬರಿಗೈಯಲ್ಲಿ ಹೊರಡಬೇಡಿ. ಯಂತ್ರದ ಪೆಟ್ಟಿಗೆಗೆ ನಿಮ್ಮ ಸೀಲನ್ನೂ ಒತ್ತಬಹುದು.

ಎಣಿಕೆ ಮೇಜಿನಲ್ಲಿ

ಎಣಿಕೆ ಏಜೆಂಟರ ನೇಮಕ ಫಾರಂ 18ರಲ್ಲಿ, ಭಾವಚಿತ್ರದೊಂದಿಗೆ, ಎಣಿಕೆಗೆ ಮೂರು ದಿನ ಮೊದಲೇ ಹೆಸರು ಕೊಡಬೇಕು. ಸಾಮಾನ್ಯವಾಗಿ ಒಂದು ವಿಧಾನಸಭಾ ಕ್ಷೇತ್ರಕ್ಕೆ 14 ಮೇಜು, ಅಂದರೆ ಒಂದು ಸುತ್ತಿಗೆ 14 ಬೂತು. ಪ್ರತಿ ಮೇಜಿನವರ ಕೈಯಲ್ಲಿ ಆ ಮೇಜಿಗೆ ಬರುವ ಬೂತುಗಳ 17ಸಿ ಪ್ರತಿಗಳು ಸುತ್ತಿನ ಕ್ರಮದಲ್ಲಿ ಜೋಡಿಸಿರಲಿ. ಯಂತ್ರ ಬಂದ ಕೂಡಲೇ ಕಂಟ್ರೋಲ್ ಯೂನಿಟ್ ನಂಬರ್, ಸೀಲ್ ನಂಬರ್, ಕ್ಲೋಸ್ ಮಾಡಿದ ಸಮಯ, ಒಟ್ಟು ಮತ ನಾಲ್ಕನ್ನೂ ನೋಡಿ. ಹೊಂದದಿದ್ದರೆ ರಿಸಲ್ಟ್ ಗುಂಡಿ ಒತ್ತುವ ಮೊದಲೇ ತಡೆದು ಬರೆದು ಕೊಡಿ, ಒತ್ತಿದ ಮೇಲೆ ಆಕ್ಷೇಪಕ್ಕೆ ಬಲ ಕಡಿಮೆ.

ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಐದು ಬೂತುಗಳ ವಿವಿಪ್ಯಾಟ್ ಸ್ಲಿಪ್ ಎಣಿಸುತ್ತಾರೆ, ಕಾಸರಗೋಡು ಲೋಕಸಭೆಗೆ ಒಟ್ಟು 35. ಅಷ್ಟು ಹೊತ್ತಿಗೆ ಗೆಲುವು ಸೋಲು ಗೊತ್ತಾಗಿ ಅರ್ಧ ಏಜೆಂಟರು ಮನೆಗೆ ಹೋಗಿರುತ್ತಾರೆ. ಆ 35 ಮುಗಿಯುವವರೆಗೆ ಪ್ರತಿ ಕ್ಷೇತ್ರಕ್ಕೆ ಒಬ್ಬರಾದರೂ ಉಳಿಯಲೇಬೇಕೆಂದು ಮೊದಲೇ ಹೆಸರು ಹೇಳಿ ನಿಗದಿಮಾಡಿ.

2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಎರಡನೇ, ಮೂರನೇ ಸ್ಥಾನದ ಅಭ್ಯರ್ಥಿಗಳು ಫಲಿತಾಂಶದ ಏಳು ದಿನದೊಳಗೆ ಲಿಖಿತವಾಗಿ ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5 ಯಂತ್ರಗಳ ಮೈಕ್ರೋಕಂಟ್ರೋಲರ್ (ಒಳಗಿನ ಚಿಪ್) ತಪಾಸಣೆ ಮಾಡಿಸಬಹುದು. ಖರ್ಚು ಕೇಳಿದವರದ್ದು, ತಿರುಚಿದ್ದು ಸಾಬೀತಾದರೆ ಮರಳಿ ಸಿಗುತ್ತದೆ. ಯಾವ ಯಂತ್ರ ಎಂದು ಬೂತಿನ ಹೆಸರು ಅಥವಾ ಕ್ರಮಸಂಖ್ಯೆ ಸಹಿತ ಅಭ್ಯರ್ಥಿಯೇ ಹೇಳಬೇಕು. ಬೂತ್ ಏಜೆಂಟರು ಬೆಳಿಗ್ಗೆ ಐದೂವರೆಗೆ ಬರೆದುಕೊಂಡ ನಂಬರುಗಳು ಬೇಕಾಗುವುದು ಇಲ್ಲಿಯೇ. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು ಫಲಿತಾಂಶದಿಂದ 45 ದಿನ. ಅಲ್ಲಿಯವರೆಗೆ 17ಸಿ ಪ್ರತಿಗಳು, ಗುರುತು ಹಾಕಿದ ಪಟ್ಟಿಗಳು, ದೂರುಗಳ ಸ್ವೀಕೃತಿ ಎಲ್ಲವೂ ಬೂತ್ ಕ್ರಮದಲ್ಲಿ ಒಂದೇ ಕಡೆ ಇರಲಿ. ಏಜೆಂಟರ ಮನೆಯ ಕಪಾಟಿನಲ್ಲಿ ಚದುರಿ ಬಿದ್ದರೆ ವಕೀಲರಿಗೆ ಬೇಕಾದ ದಿನ ಒಂದೂ ಸಿಗದು.